ಹನ್ನೊಂದು ಸಾಲಿನ ಮಾವ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವಳ ಹೊಟ್ಟೆಪಾಡು. ಅಂಗಡಿಗೆ ಹೊರಡುವ ಮುಂಚಿನ ಎರಡು ಗಂಟೆ ಮಾತ್ರ ಅವಳದೇ. ಕಿಟಕಿಯ ಬೆಳಕು ಅಡುಗೆಮನೆಯ ಮೇಜಿನ ತುದಿಯನ್ನು ಮುಟ್ಟುವ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು, ಜಾಲತಾಣ ಕಟ್ಟುವವರಿಗೆಂದು ಇರುವ, ಸಿದ್ಧ ಕೋಡಿನ ಚೌಕಟ್ಟಾದ ಒಂದು ಫ್ರೇಮ್‌ವರ್ಕನ್ನು ನೋಡಿಕೊಳ್ಳುತ್ತಿದ್ದಳು. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿಣುಕಿ ತಿದ್ದಬಹುದು, ಬೈಯಬಹುದು. ಬೈಯುವುದಕ್ಕೇ ಜನ ಹೆಚ್ಚು.

ಜೊತೆಗೆ ಇನ್ನೂ ಮೂವರಿದ್ದರು, ಪರದೆಯ ಮೇಲೆ ಮಾತ್ರ ಕಂಡವರು. ಮುಂದಿನ ಐದು ವರ್ಷ ಯಾವ ದಾರಿ ಹಿಡಿಯಬೇಕೆಂದು ನಾಲ್ವರೂ ಆರು ವಾರ ಜಗ್ಗಾಡಿ ಕೊನೆಗೆ ಒಂದೇ ಮಾತಿಗೆ ಒಪ್ಪಿದರು: ಕಂಡಕಂಡವರ ಹೆಗಲು ಹಿಡಿದು ನಡೆಯುವುದು ಸಾಕು. ಫ್ರೇಮ್‌ವರ್ಕು ಹೊರಗಿನವರು ಬರೆದ ನಲವತ್ತೊಂದು ಕೋಡ್ ತುಣುಕುಗಳನ್ನು ನೆಚ್ಚಿಕೊಂಡಿತ್ತು. ನಿಯಮ ಬರೆದವಳು ಅವಳೇ. ಎರಡು ವರ್ಷದಿಂದ ಕೈಯಾಡಿಸದ ತುಣುಕಿನ ಯಜಮಾನನಿಗೆ ನೋಟಿಸು. ಏಳು ದಿನದೊಳಗೆ ಉತ್ತರವೋ ಹೊಸ ಆವೃತ್ತಿಯೋ, ಏನಾದರೊಂದು ಜೀವದ ಸುಳಿವು ಸಿಗದಿದ್ದರೆ ತುಣುಕು ಆಚೆಗೆ. ಯಾರಿಗೂ ದಾಕ್ಷಿಣ್ಯವಿಲ್ಲ.

ನೋಟಿಸು ಹೋಗಬೇಕಾದವರ ಪಟ್ಟಿಯ ಮೊದಲನೆಯ ಹೆಸರೇ ಸೋದರಮಾವನದು.

ಮಾವ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು, ಅವಳ ಮನೆಯ ಮಹಡಿಯಲ್ಲೇ ಇರುವವನು, ಅವಳಿಗೆ ಕೋಡ್ ಬರೆಯಲು ಕಲಿಸಿದವನು. ಅವನ ತುಣುಕು ಹನ್ನೊಂದೇ ಸಾಲು. ಜಾಲತಾಣದಲ್ಲಿ ಹೆಸರು ತುಂಬುವಾಗ ಯಾರಾದರೂ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟಿದ್ದರೆ ಅದನ್ನು ಗುಡಿಸಿ ಹಾಕುತ್ತಿತ್ತು, ಅಷ್ಟೇ. ಆದರೆ ಎಲ್ಲೆಲ್ಲಿಯೋ ಇರುವ ಜನ ದಿನವೂ ಬಳಸುವ ವಸ್ತುವಿನ ಮೇಲೆ ಅವನ ಹೆಸರು ಇದ್ದದ್ದು ಅಲ್ಲಿ ಮಾತ್ರ. ಅದನ್ನು ಕಿತ್ತರೆ ಮಾವನ ಮುಖ ಹೇಗೆ ನೋಡುವುದು? ಬಿಟ್ಟರೆ ಆ ಮೂವರ ಮುಂದೆ ನಿಯಮಕ್ಕೆ ಏನು ಬೆಲೆ?

ನೋಟಿಸು ಮೇಲ್‌ನಲ್ಲಿ ಹೋಯಿತು. ರಾತ್ರಿ ಊಟಕ್ಕಿಳಿದ ಮಾವ ಉಪ್ಪು ಕೇಳಿದ, ಉಪ್ಪು ಹಾಕಿಕೊಂಡ, ಎದ್ದು ಹೋದ. ಉತ್ತರವಿಲ್ಲ. ಎರಡನೆಯ ಮೇಲ್, ಮೂರನೆಯದು. ಮೆಟ್ಟಿಲು ಹತ್ತಿ ಕೇಳೋದಕ್ಕೇನು ಧಾಡಿ ಎಂದು ಅಮ್ಮ ಗೊಣಗಿದಳು. ಉತ್ತರ ಬರಹದಲ್ಲೇ ಬರಬೇಕೆಂದು ನಿಯಮವಿದೆ ಎಂದು ಇವಳು ವಿವರಿಸಿದಾಗ, ಅಮ್ಮ ತಮ್ಮನನ್ನೂ ಮಗಳನ್ನೂ ಒಂದೇ ತಕ್ಕಡಿಗೆ ಹಾಕಿ ಬೈದಳು.

ಐದನೆಯ ದಿನ ಮಾವ ಊಟಕ್ಕೇ ಇಳಿಯಲಿಲ್ಲ. ಮೇಲಿಂದ ಕೀಲಿಮಣೆಯ ಸದ್ದು ಮಾತ್ರ, ಹುರಿದ ಕಾಳು ಚೆಲ್ಲಿದ ಹಾಗೆ.

ಏಳನೆಯ ದಿನ ಬೆಳಿಗ್ಗೆ ಮಾವನ ತುಣುಕಿನ ಹೊಸ ಆವೃತ್ತಿ ಬಂತು. ಹನ್ನೊಂದು ಸಾಲು ಸಾವಿರದ ನಾನೂರಾಗಿತ್ತು. ಅದು ನೆಚ್ಚಿಕೊಂಡ ಬೇರೆ ತುಣುಕುಗಳು ಮೂವತ್ತೇಳು. ಖಾಲಿ ಜಾಗ ಗುಡಿಸುವ ಹುರುಪಿನಲ್ಲಿ ಅದು ಹೆಸರಿನ ನಡುವಿನ ಜಾಗವನ್ನೂ ಗುಡಿಸಿ, ಹೆಂಡತಿಯ ಹೆಸರಿಗೆ ಗಂಡನ ಹೆಸರನ್ನು ಅಂಟಿಸುತ್ತಿತ್ತು. ಜೀವವಿರುವುದೇನೋ ಖಚಿತ ಎಂದು ಆ ಮೂವರಲ್ಲೊಬ್ಬ ಬರೆದ. ನಿಯಮದ ಪ್ರಕಾರ ಮಾವ ಪಾಸು.

ಅವಳು ಮೆಟ್ಟಿಲು ಹತ್ತಿದಳು. ಮಾವ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದ.

"ಮಾವ, ಹಳೇದರಲ್ಲಿ ಏನು ಕೆಟ್ಟಿತ್ತು?"

"ಏನೂ ಕೆಟ್ಟಿರಲಿಲ್ಲ. ಅದಕ್ಕೇ ಆರು ವರ್ಷ ಮುಟ್ಟಿರಲಿಲ್ಲ. ಸರಿಯಾಗಿ ಓಡೋ ಲಿಫ್ಟನ್ನ ಯಾರಾದ್ರೂ ಬಿಚ್ತಾರಾ? ಬದುಕಿದ್ದೀಯಾ ಅಂತ ನೋಟಿಸ್ ಕಳಿಸಿದವಳು ನೀನು, ಲಾಯರಮ್ಮ."

"ಈ ಮೂವತ್ತೇಳು?"

"ಅದರಲ್ಲಿ ಒಂಬತ್ತು ಏನು ಮಾಡ್ತವೆ ಅಂತ ನನಗೂ ಗೊತ್ತಿಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ. ಜೀವವಿದೆಯೇ ಎಂದು ಕೇಳುವ ನಿಯಮ ಬರೆದಿದ್ದಳು. ಕೆಟ್ಟಿದೆಯೇ ಎಂದು ಕೇಳುವುದನ್ನೇ ಮರೆತಿದ್ದಳು.

"ಹಳೇ ಹನ್ನೊಂದು ಸಾಲನ್ನ ನಮ್ಮೊಳಗೇ ಇಟ್ಕೋತೀವಿ," ಅಂದಳು. "ಇನ್ಮೇಲೆ ಅದು ಹೊರಗಿನವರದ್ದಲ್ಲ. ನಾನೇ ನೋಡ್ಕೋತೀನಿ."

ಮಾವ ಹೆಣ್ಣು ಕೊಡುವವನಂತೆ ತುಸು ಹೊತ್ತು ಗಲ್ಲ ಸವರಿಕೊಂಡ. "ಹೆಸರು?"

"ನಿಮ್ಮದೇ."

"ಸುಮ್ಮಸುಮ್ಮನೆ ಮುಟ್ಟಬಾರದು."

"ಮುಟ್ಟಲ್ಲ."

ಅಲ್ಲೇ ಕೂತು, ಕೆಟ್ಟಿದ್ದರೆ ಮಾತ್ರ ನೋಟಿಸು ಎಂದು ನಿಯಮ ತಿದ್ದಿ ಆ ಮೂವರಿಗೆ ಕಳಿಸಿದಳು. ಆರು ವಾರ ಜಗ್ಗಾಡಿದವರು ನಾಲ್ಕೇ ನಿಮಿಷದಲ್ಲಿ ಒಪ್ಪಿದರು. ಮಾವ ಇನ್ನೊಂದು ಕುರ್ಚಿ ಎಳೆದು, ಮೂವತ್ತೇಳನ್ನೂ ಒಂದೊಂದಾಗಿ ಅಳಿಸತೊಡಗಿದ. ಪ್ರತಿಯೊಂದಕ್ಕೂ ಹೋಗಲಾ ಎಂದು ಕೇಳುವುದು, ಹೋಗಲಿ ಎಂದು ಇವಳು ತಲೆಯಾಡಿಸುವುದು. ಹತ್ತೊಂಬತ್ತನೆಯದರ ಹತ್ತಿರ ಅವನ ಬೆರಳು ನಿಂತಿತು.

"ಇದೊಂದು ಚೆನ್ನಾಗಿದೆ ಕಣೇ."

"ಏನು ಮಾಡುತ್ತೆ?"

"ಗೊತ್ತಿಲ್ಲ," ಅಂದ ಮಾವ, ಅದನ್ನೂ ಅಳಿಸಿದ.