ಸದ್ದು ಹಿಡಿಯುವ ಸೀಟಣ್ಣ

ಸೀಟಣ್ಣನ ಮುಂದೆ ಯಾವ ವಾಹನದ ಗುಟ್ಟೂ ಬಹಳ ಹೊತ್ತು ಉಳಿಯುತ್ತಿರಲಿಲ್ಲ. ಬಸ್ಸು, ಲಾರಿ, ಕಾರುಗಳ ಸೀಟು ಹೊಲಿಯುವುದು ಅವನ ಕಸುಬು. ಮೂವತ್ತೊಂದು ವರ್ಷದಿಂದ ಅದೇ ರಸ್ತೆ, ಕೀರಲು ದನಿಯ ಶಟರಿನ ಅದೇ ಅಂಗಡಿ. ಹರಿದ ಸೀಟನ್ನು ಬೆಂಚಿನ ಮೇಲೆ ಇಟ್ಟರೆ ಸಾಕು, ಅದರ ತಗ್ಗು ನೋಡಿಯೇ ಡ್ರೈವರ್ ಯಾವ ಕಡೆ ವಾಲಿ ಕೂರುತ್ತಾನೆ, ಪರ್ಸನ್ನು ಯಾವ ಜೇಬಿನಲ್ಲಿ ಇಡುತ್ತಾನೆ ಎಂದು ಹೇಳಿಬಿಡುತ್ತಿದ್ದ. ಇನ್ನು ಕಿವಿಯ ವಿಷಯವಂತೂ ಕೇಳಲೇಬೇಡಿ. ಕಾರು ಅಂಗಡಿಯ ಮುಂದೆ ಪೂರ್ತಿ ನಿಲ್ಲುವ ಮೊದಲೇ "ಹಿಂದಿನ ಎಡಗಡೆ ಬಾಗಿಲು, ಒಳಗಿನ ಕ್ಲಿಪ್ಪು ಹೋಗಿದೆ" ಎಂದು ಒಳಗಿಂದಲೇ ಕೂಗುತ್ತಿದ್ದ. ಬಾಗಿಲಿನ ತಗಡಿನ ಒಳಮೈಗೆ ಸದ್ದು ಹೀರುವ ಡಾಂಬರು ಹಾಳೆ ಅಂಟಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವನು. 'ಟಣ್' ಎನ್ನುತ್ತಿದ್ದ ತಗಡು 'ಡಬ್' ಎಂದರೆ ಅವನ ಮುಖ ನೋಡಬೇಕಿತ್ತು. ಹೊಗಳಿದರೆ ಉಬ್ಬುವ ಆಸಾಮಿಯೇ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಇಂಥವನ ಮಾನ ಕಳೆಯಲು ಮನೆಯಲ್ಲೇ ಒಂದು ಸದ್ದು ಕಾದು ಕೂತಿತ್ತು.

ಮನೆ ಎಂದರೆ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಇಪ್ಪತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ನಿಂತು ಪಾಠ ಮಾಡಲು ಮೊಣಕಾಲು ಒಪ್ಪದೆ ಕೆಲಸ ಬಿಟ್ಟಿದ್ದಳು. ಸೀಟಣ್ಣ ಅವಳನ್ನು ಈಗಲೂ ಟೀಚರಮ್ಮ ಎಂದೇ ಕರೆಯುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಹೆಡ್ ಮಾಸ್ಟ್ರೇ ಎನ್ನುತ್ತಿದ್ದ. ಕೆಲಸ ಬಿಟ್ಟ ಮೇಲೆ ಅವಳಿಗೆ ಮಾತೇ ಬೇಡವಾಯಿತು. ಒಂದೇ ಗದರಿಕೆಗೆ ಅರವತ್ತು ಮಕ್ಕಳನ್ನು ಕೂರಿಸುತ್ತಿದ್ದವಳು, ಈಗ 'ಊಟಕ್ಕೆ ಬನ್ನಿ' ಎನ್ನುವುದನ್ನೂ ತಟ್ಟೆ ಸದ್ದು ಮಾಡಿ ಹೇಳುತ್ತಿದ್ದಳು. ಸೀಟಣ್ಣನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಅವಳ ಹಳೆಯ ಜಗಳವಾದರೂ ವಾಪಸು ಬಂದರೆ ಸಾಕಪ್ಪಾ ಎನ್ನಿಸಿಬಿಟ್ಟಿತ್ತು.

ಆಗ ಬಂತು ನೋಡಿ ಓದುವ ಕೆಲಸ. ಕಣ್ಣು ಕಾಣದವರಿಗೆಂದು ಪುಸ್ತಕಗಳನ್ನು ಓದಿಸಿ, ದನಿಯಲ್ಲಿ ಹಿಡಿದಿಡುವ ಒಂದು ಗ್ರಂಥಾಲಯದವರಿಗೆ ಓದುವವರು ಬೇಕಿದ್ದರು. ಮೊದಲು ಮೂರು ಪುಟ ಮನೆಯಲ್ಲೇ ಓದಿ, ಕಂಪ್ಯೂಟರಿನಲ್ಲಿ ಮೈಕಿಟ್ಟು ದಾಖಲಿಸಿ ಕಳಿಸಬೇಕು. ಒಪ್ಪಿಗೆಯಾದರೆ ಇಡೀ ಪುಸ್ತಕ ಕೊಡುತ್ತಾರೆ. ಮಗಳ ಓದಿಗೆಂದು ಹಿಂದೆ ಕೊಂಡಿದ್ದ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಟೀಚರಮ್ಮ ಮೂರು ಪುಟ ಓದಿದಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅವಳ ತುಂಬು ದನಿ ಕೇಳಿತು. ಸೀಟಣ್ಣ ಅಡುಗೆಮನೆಯಲ್ಲಿ ಚಹಾ ಲೋಟ ಹಿಡಿದವನು ಕುಡಿಯುವುದನ್ನು ಮರೆತು ನಿಂತಿದ್ದ.

ನಾಲ್ಕು ದಿನಕ್ಕೆ ಅದು ವಾಪಸು ಬಂತು. ಗ್ರಂಥಾಲಯದ ಹೆಂಗಸು ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದಳು. "ನಿಮ್ಮ ಓದು ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಹಿಂದೆ ಕಂಪ್ಯೂಟರ್ ಗುಂಯ್ ಅಂತಾನೇ ಇದೆ. ನಮ್ಮ ಕೇಳುಗರು ಇದನ್ನ ಎರಡು ಪಟ್ಟು ವೇಗದಲ್ಲಿ ಕೇಳ್ತಾರೆ. ಆಗ ಆ ಗುಂಯ್ ಅನ್ನೋದು ಕಿವಿಯೊಳಗೆ ಸೊಳ್ಳೆ ಹೊಕ್ಕ ಹಾಗೆ. ವಾಕ್ಯ ವಾಕ್ಯದ ನಡುವೆ ಪೂರ್ತಿ ನಿಶ್ಶಬ್ದ ಇರ್ಬೇಕು. ಮುಂದಿನ ಶನಿವಾರ ಸಂಜೆ ಆರು ಗಂಟೆವರೆಗೂ ಸಮಯ ಇದೆ, ಇನ್ನೊಂದು ಸಲ ಕಳಿಸಿ. ಆಮೇಲೆ ಈ ವರ್ಷದ ಪಟ್ಟಿ ಮುಚ್ಚಿಬಿಡುತ್ತೆ."

ಟೀಚರಮ್ಮ ಫೋನಿಟ್ಟು, ಆ ಬಟ್ಟೆಯನ್ನು ಮತ್ತೆ ಕಂಪ್ಯೂಟರಿನ ಮೇಲೆ ಹೊದಿಸಹೋದಳು. ಸೀಟಣ್ಣ ಅವಳ ಕೈ ತಡೆದ.

"ಬಸ್ಸನ್ನೇ ಸುಮ್ಮನಿರಿಸಿದವನು ನಾನು. ಈ ಡಬ್ಬಿ ಯಾವ ಲೆಕ್ಕ ಬಿಡು."

ಆಡಿದ ಮಾತು ಕೊಂಚ ದೊಡ್ಡದೇ ಆಯಿತು. ಭಾನುವಾರ ಡಬ್ಬಿಯ ಬದಿಯ ತಗಡು ಬಿಚ್ಚಿ ನೋಡಿದರೆ, ಒಳಗೆ ಬೆರಳು ದಪ್ಪದ ದೂಳು. ಅದನ್ನು ಕುಂಚದಿಂದ ಬಳಿದು ತೆಗೆದ. ಆಮೇಲೆ ಮಾಡಿದ್ದು ಅಪ್ಪಟ ಸೀಟು ಹೊಲಿಯುವವನ ಕೆಲಸ. ಎಲ್ಲಿ ಟೊಳ್ಳಿದೆಯೋ ಅಲ್ಲಿ ತುಂಬು, ಎಲ್ಲಿ ಸಂದಿದೆಯೋ ಅಲ್ಲಿ ಬಿಗಿ ಮಾಡು! ಒಳ್ಳೆಯ ಸ್ಪಂಜು ಕತ್ತರಿಸಿ ಮೂಲೆಮೂಲೆಗೆ ತುರುಕಿದ. ಮುಂದಿನ ಕಿಂಡಿ, ಹಿಂದಿನ ಕಿಂಡಿ ಎಲ್ಲಕ್ಕೂ ದಪ್ಪ ಫೆಲ್ಟು ಬಟ್ಟೆ ಅಂಟಿಸಿದ. ಮೇಲಿಂದ ಕಾರಿನ ಸೀಟಿಗೆ ಹೊಲಿಯುವಂತೆ ಅಳತೆ ಹಿಡಿದು ಒಂದು ಕವಚವನ್ನೂ ಹೊಲಿದು ತೊಡಿಸಿದ. ಹೊಲಿಗೆಯಂತೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಸದ್ದು ಮಾಯ! ಹೆಂಡತಿಯತ್ತ ತಿರುಗಿ ಹುಬ್ಬು ಹಾರಿಸಿದ. ಅವಳು ನಗುತ್ತಾ ಓದಲು ಕೂತಳು. ಎರಡನೇ ಪುಟದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಡಬ್ಬಿಯೊಳಗಿನ ಫ್ಯಾನು ಹುಚ್ಚು ಹಿಡಿದಂತೆ ಬೊಬ್ಬಿಟ್ಟು, ಪರದೆ ಕಪ್ಪಾಗಿ, ಯಂತ್ರ ಆರಿಹೋಯಿತು. ಓದಿದ್ದೆಲ್ಲ ನೀರುಪಾಲು.

ಮರುದಿನ ಅದನ್ನು ಹೊತ್ತುಕೊಂಡು ಎದುರಿನ ಕಂಪ್ಯೂಟರ್ ರಿಪೇರಿಯವನ ಬಳಿ ಹೋದ. ಅವನು ಕವಚ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಣ್ಣ, ಇದಕ್ಕೆ ಚಳಿ ಆಗುತ್ತೆ ಅಂತ ಸ್ವೆಟರ್ ಹಾಕಿದ್ದೀರಾ? ಇದು ಸೀಟಲ್ಲ ಅಣ್ಣ. ತಣ್ಣನೆ ಗಾಳಿ ಮುಂದಿನಿಂದ ಒಳಗೆ ಹೋಗ್ಬೇಕು, ಬಿಸಿ ಗಾಳಿ ಹಿಂದಿನಿಂದ ಹೊರಗೆ ಬರ್ಬೇಕು. ಗಾಳಿಗೆ ದಾರಿ ಬಿಡಿ, ಸದ್ದಿಗೆ ಮಾತ್ರ ಅಡ್ಡ ನಿಲ್ಲಿ."

ನಗು ಚುಚ್ಚಿತು, ಆದರೆ ಮಾತು ತಲೆಗೆ ಹೋಯಿತು. ಸೀಟಣ್ಣ ಮೂರು ಸಂಜೆ ಕೂತು ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿದ. ತೆಳು ತಗಡುಗಳ ಒಳಮೈಗೆ ಕಾರಿನ ಬಾಗಿಲಿಗೆ ಹಾಕುವ ಅದೇ ಡಾಂಬರು ಹಾಳೆ. ಗಡಗಡ ಎನ್ನುತ್ತಿದ್ದ ಹಾರ್ಡ್ ಡಿಸ್ಕಿನ ಸ್ಕ್ರೂ ತೆಗೆದು, ಅದನ್ನು ರಬ್ಬರ್ ಪಟ್ಟಿಗಳಲ್ಲಿ ತೂಗುಹಾಕಿದ. ಹಳೇ ಫ್ಯಾನಿನ ಬದಲು ರಿಪೇರಿಯವನು ಕೊಟ್ಟ, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು. ಹಿಂದಿನ ಕಿಂಡಿಗೆ ಒಳಗೆಲ್ಲ ಫೆಲ್ಟು ಹಚ್ಚಿದ ಒಂದು ಸೊಟ್ಟ ಕೊಳವೆ. ಗಾಳಿ ಅದರಲ್ಲಿ ತಿರುಗಿಕೊಂಡು ಆಚೆ ಹೋಗುತ್ತಿತ್ತು, ಸದ್ದು ತಿರುವಿನಲ್ಲೇ ಸಾಯುತ್ತಿತ್ತು. ಬುಧವಾರ ಸಂಜೆ ಸ್ವಿಚ್ಚು ಒತ್ತಿದಾಗ ಟೀಚರಮ್ಮ ಕೇಳಿದಳು, "ಆನ್ ಮಾಡಿದ್ರಾ?" ಮೂವತ್ತೊಂದು ವರ್ಷದಲ್ಲಿ ಅವನಿಗೆ ಸಿಕ್ಕ ದೊಡ್ಡ ಬಹುಮಾನ ಅದು.

ಗುರುವಾರ ಕಿಟಕಿ ಮುಚ್ಚಿ, ಕೋಣೆಯ ಫ್ಯಾನು ಆರಿಸಿ, ಅವಳು ಓದಿದಳು. ಸೀಟಣ್ಣ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಡಬ್ಬಿಯ ಮೇಲೆ ಅಂಗೈ ಇಟ್ಟು, ಕಾವಲು ಕೂತ. ಕೆಮ್ಮು ಬಂದರೂ ನುಂಗಿಕೊಂಡ. ಓದು ಮುಗಿದ ಮೇಲೆ ಹೆಡ್‌ಫೋನು ಹಾಕಿ ಕೇಳಿದರೆ, ಗುಂಯ್ ಇಲ್ಲವೇ ಇಲ್ಲ. ಆದರೆ ವಾಕ್ಯಗಳ ನಡುವೆ ಸಣ್ಣಗೆ, ಎಳೆ ಎಳೆಯಾಗಿ, ಸುಂಯ್... ಸುಂಯ್... ಎಂದು ಏನೋ ಒಂದು ಬರುತ್ತಿತ್ತು, ಹೋಗುತ್ತಿತ್ತು.

"ಫ್ಯಾನಿನ ಬುಶ್ಶು," ಎಂದ ನಮ್ಮ ಸದ್ದಿನ ತಜ್ಞ ಸೀಟಣ್ಣ, ಕಣ್ಣು ಮುಚ್ಚಿಕೊಂಡೇ. "ಎಣ್ಣೆ ಒಣಗಿದೆ."

ಎಣ್ಣೆ ಹಾಕಿದ. ಸುಂಯ್ ಹೋಗಲಿಲ್ಲ. ಶುಕ್ರವಾರ ಅಂಗಡಿಯ ಕೆಲಸ ಬಿಟ್ಟು ಬಂದು ಫ್ಯಾನನ್ನೇ ಬದಲಿಸಿದ, ಕೊಳವೆಯ ಬಾಯಿ ಅಗಲ ಮಾಡಿದ. ಪಕ್ಕದಲ್ಲಿ ಕೂತು ಮತ್ತೆ ಓದಿಸಿದ. ಅದೇ ಸುಂಯ್. ವಿಚಿತ್ರ ಎಂದರೆ, ಉಸಿರು ಬಿಗಿಹಿಡಿದು ಬರಿಗಿವಿಯನ್ನು ಡಬ್ಬಿಗೆ ಹಚ್ಚಿದರೆ ಕೇಳಿಸುತ್ತಿರಲಿಲ್ಲ, ದಾಖಲೆಯಲ್ಲಿ ಮಾತ್ರ ಇರುತ್ತಿತ್ತು. ಶನಿವಾರ ಬೆಳಿಗ್ಗೆ ಇನ್ನೊಂದು ಸಲ ಓದಿಸಿ ಕೇಳಿದಾಗಲೂ ಅದು ಅಲ್ಲೇ ಕೂತಿತ್ತು. ಸೀಟಣ್ಣ ಸ್ಕ್ರೂಡ್ರೈವರನ್ನು ನೆಲಕ್ಕೆ ಎಸೆದ.

"ನನ್ನ ಕೈಗೆ ಏನಾಗಿದೆಯೋ! ನಿನ್ನ ಅವಕಾಶ ನಾನೇ ಹಾಳು ಮಾಡ್ತಿದ್ದೀನಿ."

ಟೀಚರಮ್ಮ ಸ್ಕ್ರೂಡ್ರೈವರನ್ನು ಎತ್ತಿ ಮೇಜಿನ ಮೇಲಿಟ್ಟಳು. "ನೀವು ಅಂಗಡಿಗೆ ಹೋಗಿ. ಬಸ್ಸಿನವರು ಕಾಯ್ತಿರ್ತಾರೆ. ನಾನು ಒಬ್ಬಳೇ ಒಂದು ಸಲ ಓದ್ತೀನಿ."

"ನಾನಿಲ್ಲದೆ ಮೆಷಿನ್ ಏನಾದ್ರೂ ಆದ್ರೆ?"

"ಆಗಲ್ಲ. ಹೋಗಿ ಅಂದೆ."

ಅದು ತರಗತಿಯ ದನಿ. ಸೀಟಣ್ಣ ಚಪ್ಪಲಿ ಮೆಟ್ಟಿ ಹೊರಟ.

ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ತಟ್ಟೆ ಇಡಲಿಲ್ಲ. ಅವನನ್ನು ಕೂರಿಸಿ, ಹೆಡ್‌ಫೋನು ಕಿವಿಗಿಟ್ಟಳು. ಮೊದಲು ಬೆಳಿಗ್ಗೆಯದು, ಸುಂಯ್ ಇದ್ದದ್ದು. ಆಮೇಲೆ ಇನ್ನೊಂದು. ಅದರಲ್ಲಿ ಹೆಂಡತಿಯ ದನಿ, ದನಿ ನಿಂತಾಗ ನಿಶ್ಶಬ್ದ, ಮತ್ತೆ ದನಿ. ಸೀಟಣ್ಣ ತೊಡೆ ತಟ್ಟಿ ಎದ್ದ.

"ನೋಡಿದ್ಯಾ! ಕೊಳವೆ ಬಾಯಿ ಅಗಲ ಮಾಡಿದ್ದು ಕೆಲಸ ಮಾಡ್ತು!"

"ಕೊಳವೆ ಬಾಯಿ ನಿನ್ನೆನೇ ಅಗಲ ಮಾಡಿದ್ರಿ. ಇವತ್ತು ನಾನು ಮೆಷಿನ್ ಮುಟ್ಟೇ ಇಲ್ಲ."

"ಮತ್ತೆ? ಏನು ಮಾಡ್ದೆ?"

"ಏನೂ ಮಾಡ್ಲಿಲ್ಲ ರೀ. ನೀವು ಹೊರಗೆ ಹೋದ್ರಿ, ಅಷ್ಟೆ."

ಸೀಟಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವಾಗಿತ್ತು ಎಂದರೂ ಸರಿಯೇ. ಮೊದಲಿನದನ್ನು ತಾನೇ ಮತ್ತೊಮ್ಮೆ ಹಾಕಿಕೊಂಡ. ಸುಂಯ್ ಬಂತು, ಹೋಯಿತು, ಬಂತು. ಅವನ ಎದೆ ಏರುವಷ್ಟೇ ಹೊತ್ತು, ಇಳಿಯುವಷ್ಟೇ ಹೊತ್ತು. ಹೆಡ್‌ಫೋನು ತೆಗೆದ. ಕಿಟಕಿ ಮುಚ್ಚಿತ್ತು, ಡಬ್ಬಿ ಸುಮ್ಮನಿತ್ತು. ಬಾಯಿ ಅರ್ಧ ತೆರೆದು ನಿಧಾನವಾಗಿ ಉಸಿರು ಬಿಟ್ಟು ನೋಡಿದ. ಆಗ ಅದು ಬರಿಗಿವಿಗೂ ಕೇಳಿಸಿತು.

ಸೀಟಣ್ಣನಿಗೆ ಭಯವಾಯಿತು. ಬರೀ ಭಯ. ಹಳೇ ಸೀಟು ಬಿಚ್ಚಿದಾಗ ಏಳುವ ನಾರಿನ ದೂಳು, ಪುಡಿಯಾದ ಸ್ಪಂಜು, ಗೋಂದಿನ ಗಾಟು, ಎಲ್ಲವನ್ನೂ ಮೂವತ್ತೊಂದು ವರ್ಷ ಮೂಗಿಗೆ ಬಟ್ಟೆಯೂ ಕಟ್ಟದೆ ಕುಡಿದಿದ್ದ. ಕೆಮ್ಮಿದರೆ 'ದೂಳಿನ ಕೆಮ್ಮು' ಎಂದು ಹೆಸರಿಟ್ಟು ಪಕ್ಕಕ್ಕೆ ತಳ್ಳುತ್ತಿದ್ದ. ಅವನಿಗೆ ಕಸುಬು ಕಲಿಸಿದ ಯಜಮಾನರೂ ಹಾಗೆಯೇ ಅನ್ನುತ್ತಿದ್ದರು. ಒಂದು ದಿನ ಎದೆಯ ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಹೋದವರು ಮತ್ತೆ ಅಂಗಡಿಯ ಶಟರು ಎತ್ತಲಿಲ್ಲ. ಅಂದಿನಿಂದ ಸೀಟಣ್ಣ ಆಸ್ಪತ್ರೆಯ ರಸ್ತೆ ಬಂದರೆ ಆಚೆ ಬದಿಗೆ ದಾಟುತ್ತಿದ್ದ. ಟೀಚರಮ್ಮ ಎರಡು ಸಲ ಚೀಟಿ ಮಾಡಿಸಿದ್ದಳು. ಎರಡು ಸಲವೂ ಸಾಲಿನಿಂದ ಎದ್ದು ಓಡಿಬಂದಿದ್ದ.

ಈಗಲೂ ನಗಲು ನೋಡಿದ. "ಸರಿ ಬಿಡು, ಇನ್ಮೇಲೆ ನೀನು ಓದುವಾಗ ನಾನು ಅಂಗಡೀಲೇ ಇದ್ಬಿಡ್ತೀನಿ. ಕಥೆ ಮುಗೀತು. ಇದನ್ನ ಕಳಿಸು."

ಟೀಚರಮ್ಮನ ಕಣ್ಣು ತುಂಬಿತು, ದನಿ ಮಾತ್ರ ಏರಿತು. "ನಾನು ಸದ್ದಿಲ್ಲದ ಮೆಷಿನ್ ಬೇಕು ಅಂದೆ. ನೀವಿಲ್ಲದ ಮನೆ ಬೇಕು ಅನ್ಲಿಲ್ಲ. ನಿಮ್ಮ ಎದೆ ಡಾಕ್ಟರಿಗೆ ತೋರಿಸೋವರೆಗೂ ಇದನ್ನ ಕಳಿಸೋದಿಲ್ಲ."

"ಲೇ, ಆರು ಗಂಟೆಗೆ ಪಟ್ಟಿ ಮುಚ್ಚುತ್ತೆ!"

"ಮುಚ್ಚಲಿ."

ಹಟಕ್ಕೆ ನಿಂತರೆ ಅವಳ ಮುಂದೆ ಶಾಲೆಗೆ ಬಂದ ಯಾವ ಇನ್‌ಸ್ಪೆಕ್ಟರೂ ಗೆದ್ದಿರಲಿಲ್ಲ, ಇನ್ನು ಇವನ್ಯಾವ ಗಿಡದ ತಪ್ಪಲು? ನಾಲ್ಕು ಗಂಟೆಗೆ ಇಬ್ಬರೂ ಹತ್ತಿರದ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದರು. ಚೀಟಿ ಇಪ್ಪತ್ತೆರಡು. ಐದೂಕಾಲಾದರೂ ಹನ್ನೊಂದೇ ನಡೆಯುತ್ತಿತ್ತು. ಮನೆಯ ಆಮೆವೇಗದ ಇಂಟರ್ನೆಟ್ಟಿನಲ್ಲಿ ಆ ದಾಖಲೆ ಹೋಗಲು ಅರ್ಧ ಗಂಟೆಯಾದರೂ ಬೇಕು. ಸೀಟಣ್ಣ ಗೋಡೆ ಗಡಿಯಾರ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಗಡಿಯಾರದ ಕಡೆ ತಲೆಯೇ ಎತ್ತದೆ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಅವಳ ಮುಖ ಮತ್ತೆ ಆ ತಟ್ಟೆ ಸದ್ದಿನ ದಿನಗಳ ಮುಖವಾಗುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ನೀನು ಹೋಗಿ ಕಳಿಸು. ನಾನು ಇಲ್ಲೇ ಇರ್ತೀನಿ."

"ನಾನು ಬಾಗಿಲು ದಾಟಿದ ಕೂಡಲೇ ನೀವೂ ಎದ್ದು ಹೋಗ್ತೀರಿ."

"ಈ ಸಲ ಹೋಗಲ್ಲ."

"ಹೋದ ಸಲನೂ ಹೀಗೇ ಅಂದ್ರಿ."

ಅಂದಿದ್ದು ನಿಜ. ಸೀಟಣ್ಣ ಬಗ್ಗಿ, ಎರಡೂ ಚಪ್ಪಲಿ ಕಳಚಿ ಅವಳ ಕೈಯಲ್ಲಿಟ್ಟ. "ತಗೊಂಡು ಹೋಗು. ಹೊರಗಡೆ ರಸ್ತೆಗೆ ಜಲ್ಲಿ ಹಾಕಿದ್ದಾರೆ, ಬರಿಗಾಲಲ್ಲಿ ಎಲ್ಲಿಗೆ ಓಡ್ಲಿ?"

ಬೆಂಚಿನ ಮೇಲಿದ್ದ ನಾಲ್ಕಾರು ರೋಗಿಗಳು ಕಣ್ಣು ಬಿಟ್ಟು ನೋಡಿದರು. ಟೀಚರಮ್ಮ ಚಪ್ಪಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಕುಂಟುತ್ತಲೇ ಬೇಗ ಬೇಗ ಹೊರಟಳು.

ಹದಿನೈದು, ಹದಿನಾರು. ಸೀಟಣ್ಣ ಚೀಟಿಯನ್ನು ಮಡಚಿದ, ಬಿಚ್ಚಿದ. ಯಜಮಾನರ ನೆನಪಾಯಿತು. ಒಂದು ಸಲ ಎದ್ದು ಬಾಗಿಲವರೆಗೆ ಹೋದ. ಜಲ್ಲಿ ನೋಡಿದ. ನಿಜ ಹೇಳಬೇಕೆಂದರೆ ಜಲ್ಲಿ ಅವನನ್ನು ತಡೆಯುವಂತಿರಲಿಲ್ಲ. ಆದರೂ ವಾಪಸು ಬಂದು ಕೂತ. ಆರಕ್ಕೆ ಐದು ನಿಮಿಷವಿರುವಾಗ ಫೋನಿನಲ್ಲಿ ಸಂದೇಶ ಬಂತು: 'ಹೋಯ್ತು. ಇದ್ದೀರಾ?' ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ 'ಇದ್ದೀನಿ' ಎಂದು ಕಳಿಸಿದ.

ಇಪ್ಪತ್ತೆರಡು ಎಂದು ಕೂಗಿದಾಗ ಆರೂವರೆ. ಡಾಕ್ಟರು ಚಿಕ್ಕ ವಯಸ್ಸಿನವಳು. ಅವನ ಬರಿಗಾಲು ನೋಡಿದರೂ ಏನೂ ಕೇಳಲಿಲ್ಲ. ಅಂಗಿ ಮೇಲೆತ್ತಿಸಿ, ಬೆನ್ನಿಗೆ ತಣ್ಣನೆಯ ಬಿಲ್ಲೆ ಇಟ್ಟು, "ಜೋರಾಗಿ ಉಸಿರು ತಗೊಳ್ಳಿ, ಬಿಡಿ" ಎಂದಳು. ಒಂದು ಕಡೆ ಕೇಳಿದಳು, ಇನ್ನೊಂದು ಕಡೆ ಕೇಳಿದಳು, ಮೊದಲಿನ ಕಡೆಗೇ ಮತ್ತೆ ಬಂದಳು. ಕೇಳುವವರ ಮುಖ ಹೇಗಾಗುತ್ತದೆ ಎಂದು ಸೀಟಣ್ಣನಿಗೆ ಗೊತ್ತಿತ್ತು. ಎಲ್ಲಿ ಸಡಿಲವಾಗಿದೆ ಎಂದು ಗೊತ್ತಾದವರ ಮುಖ ಅದು.

"ಈ ಸದ್ದು ಎಷ್ಟು ದಿನದಿಂದ ಇದೆ?"

"ನನಗೆ ಕೇಳಿಸಿದ್ದು ಗುರುವಾರದಿಂದ ಡಾಕ್ಟ್ರೇ."

"ಅದಕ್ಕೆ ಮುಂಚೆ?"

ಸೀಟಣ್ಣ ಅಂಗಿ ಕೆಳಗೆ ಎಳೆದುಕೊಂಡ.

"ಅದಕ್ಕೆ ಮುಂಚೆ ಮನೇಲಿ ಬೇರೆ ಸದ್ದಿತ್ತು, ಇದು ಅದರಡಿ ಮುಚ್ಚಿಹೋಗಿತ್ತು."