ತೆಗೆಯಬಾರದ ಸಾಲು

ಬೇರೆಯವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಎತ್ತಿಕೊಳ್ಳುವುದು ನನ್ನಕ್ಕನ ಹಳೆಯ ಚಾಳಿ. ಯಾರೋ ಹೆಣೆದು ಮೂಲೆಗೆಸೆದ ಸ್ವೆಟರ್ ಕಂಡರೂ ಅವಳ ಕೈ ಸುಮ್ಮನಿರದು. ಹಗಲೆಲ್ಲ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಾಳೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ, ಅಡುಗೆಮನೆಯ ಮೇಜಿನ ಮೂಲೆಯಲ್ಲಿ, ಬಿಟ್ಟಿ ಚಾಕರಿ. ನಾನಿಟ್ಟ ಟೀ ಪಕ್ಕದಲ್ಲೇ ಆರಿ ಕೆನೆಗಟ್ಟುತ್ತದೆ.

ಪರದೆಯ ಮೇಲಿನ ಅಕ್ಷರಗಳನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಒಂದು ತಂತ್ರಾಂಶವಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದನ್ನು ಬರೆದ ಪುಣ್ಯಾತ್ಮ ಆರು ವರ್ಷದಿಂದ ನಾಪತ್ತೆ. ಅವನು ಸುಮ್ಮನಾದ ಮೇಲೆ ಮೂವರು ಮೂರು ಪ್ರತಿ ಮಾಡಿಕೊಂಡು ಮೂರು ದಿಕ್ಕಿಗೆ ಹೋದರು. ಒಬ್ಬನ ತಿದ್ದುಪಡಿ ಇನ್ನೊಬ್ಬನಿಗೆ ಆಗಿಬರದು. ಕೊನೆಗೆ ಅವರೂ ಕೈಚೆಲ್ಲಿದರು. ಅಕ್ಕ ಆ ಮೂರರಿಂದಲೂ ಒಳ್ಳೆಯದನ್ನು ಆರಿಸಿ, ಮೂಲಕ್ಕೆ ಸೇರಿಸಿ, ಒಂದೇ ಪ್ಯಾಕೇಜು ಮಾಡಿ, ಹೊಸ ಕಂಪ್ಯೂಟರುಗಳು ಬಂದಾಗಲೆಲ್ಲ ಅವುಗಳಿಗೆ ಒಗ್ಗಿಸುತ್ತಾಳೆ. ಏನನ್ನಾದರೂ ಬದಲಿಸುವ ಮುನ್ನ ಮೂಲ ಲೇಖಕನಿಗೊಂದು ಮೇಲ್ ಹಾಕಿ ಎರಡು ವಾರ ಕಾಯುತ್ತಾಳೆ.

"ಉತ್ತರ ಬರಲ್ಲ ಅಂತ ಗೊತ್ತಲ್ಲ, ಮತ್ಯಾಕೆ ಬರೀತೀಯ?" ಎಂದು ಒಮ್ಮೆ ರೇಗಿದ್ದೆ.

"ಮನೆ ಅವರದು ಕಣೇ. ಬಾಗಿಲು ತಟ್ಟದೆ ಒಳಗೆ ಹೋಗೋಕಾಗತ್ತಾ?"

ನಮ್ಮೂರ ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್‌ಗೆ ಕಣ್ಣು ಕಾಣದು. ಯಾವ ವಿಭಾಗಕ್ಕೆ ಯಾವ ನಂಬರೆಂದು ಈ ತಂತ್ರಾಂಶವೇ ಅವರ ಕಿವಿಯಲ್ಲಿ ಹೇಳುತ್ತದೆ, ಅವರು ಒತ್ತುತ್ತಾರೆ. ಸೋಮವಾರದಿಂದ ಅಲ್ಲಿ ಹೊಸ ಕಂಪ್ಯೂಟರುಗಳಲ್ಲೇ ಕೆಲಸ ಶುರುವಾಗುವುದಿತ್ತು, ಹಳೆಯ ಪ್ಯಾಕೇಜು ಅವುಗಳಲ್ಲಿ ಓಡದು. ಹೊಸದು ಸರಿಹೋಗದಿದ್ದರೆ ಬೇರೆಯವರನ್ನು ಕೂರಿಸುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದರು. ಹನ್ನೊಂದು ವರ್ಷ ಕೂತ ಕುರ್ಚಿ ಅದು.

ಶನಿವಾರ ಅಕ್ಕನ ಹೊಸ ಪ್ಯಾಕೇಜನ್ನು ಅವುಗಳಲ್ಲೊಂದರಲ್ಲಿ ಪರೀಕ್ಷಿಸಿ ಆಪರೇಟರ್ ಫೋನ್ ಮಾಡಿದರು; ಅಕ್ಕ ಸ್ಪೀಕರಿಗೆ ಹಾಕಿದಳು.

"ಮೇಡಂ, ಮಾತು ಬರ್ತಿದೆ. ಆದ್ರೆ ನಂಬರ್‌ಗಳು ಒಂದಕ್ಕೊಂದು ಅಂಟ್ಕೊಂಡಿವೆ. ಎಕ್ಸ್‌ರೇ ಕೇಳಿದೋರನ್ನ ಹೆರಿಗೆ ವಾರ್ಡಿಗೆ ಕಳಿಸ್ಬಿಟ್ಟೆ."

ನನಗೆ ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಆ ತಂತ್ರಾಂಶದ ಕೋಡಿನಲ್ಲಿ ಏನೂ ಮಾಡದಂತೆ ಕಾಣುವ ಒಂದು ಸಾಲಿತ್ತು. ಅದರ ಮೇಲೆ ಮೂಲ ಲೇಖಕ ಬರೆದಿದ್ದ: 'ತೆಗೆಯಬೇಡಿ. ಏಕೆಂದು ನನ್ನನ್ನು ಕೇಳಿ.' ಮೂರು ಪ್ರತಿಗಳಲ್ಲೂ ಅದನ್ನು ಕಿತ್ತುಹಾಕಿದ್ದರು. ಇಷ್ಟು ವರ್ಷ ಉಳಿಸಿಕೊಂಡಿದ್ದ ಅಕ್ಕ, ಮೂವರಿಗೂ ಬೇಡವಾದದ್ದು ನನಗೇಕೆಂದುಕೊಂಡು, ಈ ಸಲ ಮೂಲ ಲೇಖಕನಿಗೆ ಮೇಲ್ ಹಾಕಿ, ಎರಡು ವಾರ ಕಾದು, ತೆಗೆದಿದ್ದಳು. ಅಂಕಿ ಅಂಕಿಯ ನಡುವೆ ಚಿಟಿಕೆಯಷ್ಟು ಬಿಡುವು ಕೊಡುತ್ತಿದ್ದುದು ಅದೇ ಸಾಲು.

ಹಳೆಯ ಸಾಲು ಹೊಸ ವ್ಯವಸ್ಥೆಗೆ ಸುಲಭಕ್ಕೆ ಕೂರಲಿಲ್ಲ. ಭಾನುವಾರವಿಡೀ ಅಕ್ಕ ಮೇಜು ಬಿಟ್ಟೇಳಲಿಲ್ಲ. ಸಂಜೆ ಕೆಲಸ ಮುಗಿದಾಗ ಮೂಲ ಲೇಖಕನ ಮಾತನ್ನು ಹಾಗೇ ಉಳಿಸಿ, ಕೆಳಗೆ ಸೇರಿಸಿದಳು: 'ಅಂಕಿಗಳ ನಡುವೆ ಬಿಡುವಿಲ್ಲದಿದ್ದರೆ ಕೇಳುವವರು ತಪ್ಪು ನಂಬರು ಒತ್ತುತ್ತಾರೆ. ನಾನೊಮ್ಮೆ ತೆಗೆದು ತಪ್ಪು ಮಾಡಿದ್ದೇನೆ.' ಅದರ ಕೆಳಗೆ ತನ್ನ ಹೆಸರು.

"ನಿನ್ನ ತಪ್ಪನ್ನ ಲೋಕಕ್ಕೆಲ್ಲ ಡಂಗುರ ಸಾರ್ಬೇಕಾ?" ಎಂದೆ.

"ನಾಳೆ ಯಾರಾದ್ರೂ ಕೇಳೋಕೆ ಬಂದಾಗ ನಾನೂ ಇಲ್ದೇ ಇರ್ಬಹುದು. ಕಾರಣವಾದ್ರೂ ಇರ್ಲಿ."

ಆರಿದ ಟೀಯನ್ನು ಬಿಸಿಮಾಡಿ ತಂದಿಟ್ಟೆ.

ಸೋಮವಾರ ಅಕ್ಕ ಕಚೇರಿಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿದೆ. ಅದೇ ಆಪರೇಟರ್ ದನಿ.

"ಎಕ್ಸ್‌ರೇ ವಿಭಾಗ ಕೊಡಿ" ಎಂದೆ.

"ಕೊಟ್ಟೆ ಮೇಡಂ, ಲೈನಲ್ಲಿರಿ."

ನಾನು ಆ ಪ್ಯಾಕೇಜು ಮಾಡಿದವಳ ತಂಗಿ ಎಂದು ಹೇಳಿಕೊಳ್ಳುವ ಆಸೆ ನಾಲಿಗೆಯ ತುದಿಗೆ ಬಂತು. ಜೀವನದಲ್ಲಿ ಮೊದಲ ಸಲ ಅಷ್ಟು ಹೆಮ್ಮೆಯಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಬೇರೊಂದು ದನಿ ಬಂತು.

"ಎಕ್ಸ್‌ರೇ ವಿಭಾಗ, ಹೇಳಿ."