ಇದ್ದವರಿಗೆ ಏರಿದ ಹೂವು

ನನ್ನ ಸ್ಟುಡಿಯೋಕ್ಕೆ ಯಾರಾದರೂ ಹಳೆಯ ಫೋಟೋ ಹಿಡಿದುಕೊಂಡು ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: "ಇದ್ದಾರೇನ್ರಿ, ಹೋಗ್ಯಾರೇನ್ರಿ?" ಕೇಳದೆ ವಿಧಿಯಿಲ್ಲ. ಇದ್ದವರಿಗೆ ಹಿಂದೆ ತೋಟ, ಪರದೆ, ಬೇಕಾದರೆ ಚಾರ್ಮಿನಾರು ಹಾಕುತ್ತೇನೆ. ಹೋದವರಿಗೆ ನೀಲಿ ಆಕಾಶ. ಆಧಾರ್ ಕಾರ್ಡಿನಲ್ಲಿ ಸುಟ್ಟ ಬದನೆಕಾಯಿಯ ಹಾಗಿರುವ ಮುಖವನ್ನು ತಂದುಕೊಟ್ಟು "ನಕ್ಕಂಗ ಮಾಡ್ರಿ" ಅನ್ನುತ್ತಾರೆ, ಮಾಡಿಕೊಡುತ್ತೇನೆ. ಯಾವುದೋ ಮದುವೆಯ ಗುಂಪಿನಿಂದ ತಲೆ ಕತ್ತರಿಸಿ ಇನ್ಯಾರದೋ ಕೋಟಿನ ಮೇಲೆ ಕೂರಿಸುತ್ತೇನೆ. ಆದರೆ ಇದ್ದವರ ಫೋಟೋಕ್ಕೆ ಹೂವು ತಾಗಿಸುವುದಿಲ್ಲ. ನಮ್ಮ ಜಹೀರಾಬಾದಿನಲ್ಲಿ ಕನ್ನಡ ಮಾತಾಡುವ ಮನೆಯಾಗಲಿ, ತೆಲುಗು ಮಾತಾಡುವ ಮನೆಯಾಗಲಿ, ಇದೊಂದರಲ್ಲಿ ಎಲ್ಲರದೂ ಒಂದೇ ನೇಮ. ಒಮ್ಮೆ ಗೋಡೆ ಒರೆಸುವಾಗ ಪ್ಲಾಸ್ಟಿಕ್ ಹಾರವೊಂದು ಜಾರಿ ಪಕ್ಕದ ಮದುಮಗಳ ಫೋಟೋದ ಮೇಲೆ ಬಿತ್ತು. ಅವಳ ಅತ್ತೆ ನನ್ನ ಅಂಗಡಿಯೊಳಗೇ ನಿಂತು ಅರ್ಧ ಗಂಟೆ ಬೈದಳು. ಬೈದದ್ದು ಸರಿಯೇ.

ಇಷ್ಟೆಲ್ಲ ಗೊತ್ತಿದ್ದ ನಾನೇ ಆ ಕೆಲಸ ಮಾಡಿದೆ. ನನ್ನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ!

ಮದುವೆಯ ಕೆಲಸಗಳೆಲ್ಲ ಡ್ರೋನ್ ಹಾರಿಸುವವರ ಪಾಲಾಗಿದ್ದ ಕಾಲ. ಪಕ್ಕದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನನ್ನ ಗೆಳತಿ ಒಂದು ಮಧ್ಯಾಹ್ನ ನನ್ನ ಫೋನು ಕಸಿದುಕೊಂಡು ಹೊಸದೊಂದು ಆ್ಯಪು ಹಾಕಿಕೊಟ್ಟಳು. "ಹಳೀದ್ರಾಗ ನಿನ್ನ ಯಾರು ನೋಡ್ತಾರ? ಅಲ್ಲಿ ಸಂತಿ ತುಂಬ್ಯದ. ಇದು ಈಗ ಬಂದದ್ದು, ಜಲ್ದಿ ಜಾಗಾ ಹಿಡಿ" ಅಂದಳು. ಅದರಲ್ಲಿ ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲ. ಕುಣಿತವಿಲ್ಲ, ಹಾಡಿಲ್ಲ. ಮೆಚ್ಚಿಕೊಂಡರೆ ಒತ್ತಲು ಹೆಬ್ಬೆಟ್ಟೂ ಇಲ್ಲ, ಹೃದಯವೂ ಇಲ್ಲ. ಒಂದು ಚೆಂಡುಹೂವು ಇತ್ತು. ಬೆರಳು ತಾಗಿಸಿದರೆ ಹೂವು ಮೇಲಿನಿಂದ ತೇಲುತ್ತ ಇಳಿದು ಫೋಟೋದ ಬುಡಕ್ಕೆ ಕೂರುತ್ತಿತ್ತು. ಸಾಕಷ್ಟು ಹೂವು ಬಿದ್ದವೆಂದರೆ ಅವು ತಾವೇ ಪೋಣಿಸಿಕೊಂಡು ಹಾರವಾಗಿ ಫೋಟೋದ ಎರಡೂ ಬದಿಗೆ ಇಳಿಬೀಳುತ್ತಿದ್ದವು. ಹಾರ ಬಿದ್ದ ಫೋಟೋವನ್ನು ಆ್ಯಪು ಊರೂರಿನವರಿಗೆಲ್ಲ ಎತ್ತಿ ತೋರಿಸುತ್ತಿತ್ತು. ಎಷ್ಟು ಚಂದ ಮಾಡಿದ್ದಾರಪ್ಪ ಅಂದುಕೊಂಡೆ.

ಮೊದಮೊದಲು ನಾನು ಹಾಕಿದ್ದು ನೆಲ, ಮಣ್ಣು, ರಸ್ತೆ. ಕೊಹೀರಿನ ಕೆಂಪು ಹೊಲ, ಹೆದ್ದಾರಿಯ ಬದಿಗೆ ನಿಂತ ಲಾರಿಗಳ ಸಾಲು, ಪಸ್ತಾಪುರದ ಹೆಂಗಸರು ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಟ್ಟ ನವಣೆ ಬೀಜ. ಐದು ಹೂವು, ಆರು ಹೂವು ಬೀಳುತ್ತಿದ್ದವು. ಅದರಲ್ಲಿ ಒಂದು ಪಾರ್ಲರಿನವಳದು, ಇನ್ನೊಂದು ನನ್ನದೇ. ಮಣ್ಣಿಗೆ, ಬೀಜಕ್ಕೆ ಹೂವು ಬಿದ್ದರೆ ಯಾರಿಗೇನು? ಹೀಗಾಗಿ ಆ ಹೂವು ನನ್ನ ಕಣ್ಣಿಗೆ ಹೂವಾಗಿ ಕಾಣುವುದನ್ನೇ ಬಿಟ್ಟಿತು, ಬರೀ ಲೆಕ್ಕವಾಯಿತು. ಲೆಕ್ಕ ಏರಲಿಲ್ಲವಲ್ಲ ಅಂತ ಹಟಕ್ಕೆ ಬಿದ್ದು ಮನುಷ್ಯರ ಮುಖ ಹಾಕತೊಡಗಿದೆ.

ಮೊದಲ ಮುಖ ತಾಂಡೂರಿನದು. ಅಲ್ಲಿ ನೆಲಕ್ಕೆ ಹಾಸುವ ಕಲ್ಲನ್ನು ಹಲಗೆಯ ಹಾಗೆ ಸೀಳುತ್ತಾರೆ. ಸೀಳುತ್ತಿದ್ದ ಮುದುಕರೊಬ್ಬರು ತಲೆಯಿಂದ ಕಾಲಿನತನಕ ಕಲ್ಲಿನ ಪುಡಿ ಮೆತ್ತಿಕೊಂಡಿದ್ದರು. "ಮಸಣದಾಗಿಂದ ಎದ್ದು ಬಂದಂಗ ಕಾಣಸ್ತೀನಿ, ತಗೀ ತಾಯಿ" ಅಂತ ಅವರೇ ನಕ್ಕರು. ಕಪ್ಪುಬಿಳುಪಿನಲ್ಲಿ ಹಾಕಿದೆ. ಒಂದೇ ವಾರದಲ್ಲಿ ಆ ಫೋಟೋಕ್ಕೆ ಹಾರ ಬಿತ್ತು. ನಾನು ಅಂಗಡಿಯಲ್ಲಿ ಕುಣಿದಾಡಿದೆ, ಪಾರ್ಲರಿನವಳಿಗೆ ಮಿರ್ಚಿ ಭಜಿ ತಿನ್ನಿಸಿದೆ. ಎಲ್ಲೆಲ್ಲಿಯವರೋ ನನ್ನನ್ನು ಫಾಲೋ ಮಾಡತೊಡಗಿದರು.

ಈ ಸಂಭ್ರಮ ಹೇಳಲು ನಾರಾಯಣಖೇಡದ ಹತ್ತಿರದ ಹಳ್ಳಿಗೆ ಓಡಿದೆ. ಅಲ್ಲಿ ನನ್ನ ಚಿಗವ್ವ ಇದ್ದಳು. ನನ್ನವ್ವ ಹೋದಾಗ ನನಗೆ ಏಳು ವರ್ಷ, ಆಗಿನಿಂದ ಸಾಕಿದ್ದು ಅವಳ ಈ ತಂಗಿ. ಚಿಗವ್ವನಿಗೆ ಮಕ್ಕಳಿಲ್ಲ, ಗಂಡ ತೀರಿ ಬಹಳ ಕಾಲ. ಇಪ್ಪತ್ತು ಕುರಿ, ಎರಡು ಎಕರೆ, ಊರಿಗೆಲ್ಲ ಕೇಳುವಂಥ ಗಂಟಲು. ತವರಿನ ಕಡೆ ಉಳಿದದ್ದು ಕೊಡಂಗಲ್ಲಿನಲ್ಲಿರುವ ತಮ್ಮ ಒಬ್ಬನೇ, ನನಗೆ ಸೋದರಮಾವ.

"ಫಾಲೋವರ್ ಅಂದ್ರ ಏನವ್ವ?" ಅಂತ ಕೇಳಿದಳು.

"ನನ್ನ ಬೆನ್ನ ಹತ್ತಿದೋರು, ಚಿಗವ್ವ."

ಕುರಿಗೆ ಸೊಪ್ಪು ಹಾಕುತ್ತಿದ್ದ ಅವಳ ಕೈ ನಿಂತಿತು. "ಎಷ್ಟು ಮಂದಿ?"

"ನಾಕ ಸಾವಿರ ಆಗ್ಯಾರ."

"ಅಯ್ಯ ಶಿವನೇ! ಇಲ್ಲಿ ಒಂದು ದೆವ್ವ ಬೆನ್ನ ಹತ್ತಿದ್ರೇ ಬೇವಿನ ಸೊಪ್ಪಿಲೆ ಬಡದು ಬಿಡಸಬೇಕಾದ್ರ ಸಾಕಾಗ್ತದ. ನಾಕ ಸಾವಿರ ಹೆಂಗ ಬಿಡಸ್ತಿ ನನ ಮಗಳ?"

ಹೇಳಿ ತಾನೇ ನಕ್ಕಳು. ಅವಳು ನಕ್ಕರೆ ಮೈಯೆಲ್ಲ ನಗುತ್ತಿತ್ತು. ಹೆಗಲ ಕಂಬಳಿಯೊಳಗೆ ಆಗಷ್ಟೇ ಹುಟ್ಟಿದ ಮರಿ, ಬಾಯಲ್ಲಿ ಉಳಿದ ನಾಲ್ಕು ಹಲ್ಲು, ಹಿಂದೆ ಬಿಸಿಲು. ಆ ಗಳಿಗೆಯನ್ನು ಹಿಡಿದೆ. ನನ್ನ ಜನ್ಮದಲ್ಲಿ ಅಂಥ ಇನ್ನೊಂದು ಫೋಟೋ ತೆಗೆದಿಲ್ಲ. ಬಸ್ಸಿನಲ್ಲಿ ಕೂತೇ ಅದನ್ನು ಆ್ಯಪಿಗೆ ಹಾಕಿದೆ. ಜಹೀರಾಬಾದ್ ಮುಟ್ಟುವಷ್ಟರಲ್ಲಿ ಹೂವು ಸುರಿಯುತ್ತಿದ್ದವು.

ಮರುವಾರ ತಾಂಡೂರಿನಿಂದ ಒಬ್ಬ ಹೆಂಗಸು ಎರಡು ಬಸ್ಸು ಬದಲಿಸಿಕೊಂಡು ನನ್ನ ಸ್ಟುಡಿಯೋ ಹುಡುಕಿ ಬಂದಳು. ಕಲ್ಲು ಸೀಳುತ್ತಿದ್ದ ಮುದುಕರ ಸೊಸೆ. ಮಾವ ನಿದ್ದೆಯಲ್ಲೇ ಹೋದರಂತೆ. ತನ್ನ ಫೋನು ತೆರೆದು ಹಾರ ಬಿದ್ದ ಆ ಫೋಟೋ ತೋರಿಸಿ, "ಇದನ್ನೇ ಫ್ರೇಮ್ ಹಾಕಿ ಕೊಡ್ರಿ, ಹಾರ ಸಮೇತ" ಅಂದಳು. ನಾನು ಅಳತೆ ಬರೆದುಕೊಂಡೆ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, ಸಿಟ್ಟಿಲ್ಲದೆ, ಬಸ್ಸಿನ ಹೊತ್ತು ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದಳು: "ಮಾವ ಹೋಗಾಕ ನಾಕ ದಿನ ಮೊದಲೇ ಹಾರ ಹಾಕೀರಲ್ರೀ ಅಕ್ಕ, ನಿಮಗ ಹೆಂಗ ಗೊತ್ತಾಗಿತ್ತು?"

ಹಾರ ನಾನು ಹಾಕಿದ್ದಲ್ಲ, ಅದು ಆ್ಯಪಿನದು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು.

ಕೂಡಲೇ ಚಿಗವ್ವನ ಫೋಟೋ ತೆರೆದೆ. ಬುಡದಲ್ಲಿ ಹೂವು ರಾಶಿ ಬಿದ್ದಿದ್ದವು. ಹಾರಕ್ಕೆ ಇನ್ನು ಸ್ವಲ್ಪವೇ ಕಡಿಮೆ. ತೆಗೆದುಬಿಡು ಅಂತ ಒಳಗಿನಿಂದ ಯಾರೋ ಕಿರುಚುತ್ತಿದ್ದರು. ತೆಗೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಆಸೆ. ಹಾರ ಬಿದ್ದರೆ ಬೆನ್ನು ಹತ್ತಿದವರು ಹತ್ತು ಸಾವಿರ ಮುಟ್ಟುವವರಿದ್ದರು. ವಯಸ್ಸಾದ ಮನುಷ್ಯರು ಹೋಗುವುದೇನು ಹೊಸದೇ, ಹೂವಿಗೂ ಸಾವಿಗೂ ಏನು ನಂಟು, ನಾನೇನು ಅನಕ್ಷರಸ್ಥೆಯೇ ಅಂತ ನನಗೆ ನಾನೇ ಭಾಷಣ ಮಾಡಿಕೊಂಡೆ. ನಾಳೆ ನೋಡೋಣ ಅಂದೆ. ಮರುದಿನ ಊಟದ ಹೊತ್ತಿಗೆ ಫೋನು ತೆರೆದೆ. ನೋಡಿದರೆ ರಾತ್ರಿಯೇ ಚಿಗವ್ವನ ನಗುವಿನ ಎರಡೂ ಬದಿಗೆ ಕೇಸರಿ ಹಾರ ಇಳಿಬಿದ್ದಿತ್ತು. ಕೆಳಗೆ ಭಾಷೆ ತಿಳಿಯದ ಯಾರ್ಯಾರೋ ಕೈಮುಗಿದಿದ್ದರು.

ಚಿಗವ್ವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಂಗಡಿಗೆ ಬೀಗ ಹಾಕಿ ನಾರಾಯಣಖೇಡದ ಬಸ್ಸು ಹತ್ತಿದೆ. ಊರಲ್ಲಿ ಇಳಿದು ಓಣಿಗೆ ಕಾಲಿಡುತ್ತಿದ್ದಂತೆ ಅವಳ ಮನೆಯ ಕಡೆಯಿಂದ ಹೆಂಗಸರು ಹಾಡಿಕೊಂಡು ಅಳುವ ದನಿ ಕೇಳಿತು. ಗೋಡೆ ಹಿಡಿದು ಹಿಡಿದು ನಡೆದೆ.

ಅಂಗಳದ ತುಂಬ ಜನ. ನಡುವೆ ಕಟ್ಟೆಯ ಮೇಲೆ ಚಿಗವ್ವ ಕೂತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದಳು!

"ಬಾರವ್ವ, ನೀನೂ ಅಳಾಕ ಬಂದಿ ಏನು? ಕೂಡು. ಇವ್ರು ಮುಂಜಾನಿಯಿಂದ ಅಳ್ಲತ್ತಾರ, ಸಾಕು ಅಂದ್ರೂ ಬಿಡವಲ್ರು" ಅಂದಳು.

ಆದದ್ದು ಇಷ್ಟು. ಹಾರ ಬೀಳುತ್ತಿದ್ದಂತೆ ಯಾರೋ ಆ ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದು ಹರಿದಾಡಿ ಕೊಡಂಗಲ್ ಮುಟ್ಟಿತ್ತು. ನಮ್ಮ ಕಡೆ ಹೆಣ್ಣು ತೀರಿದರೆ ತವರಿನವರು ತಂದ ಸೀರೆ ಉಡಿಸದೆ ಮಣ್ಣು ಮಾಡುವುದಿಲ್ಲ. ಸೋದರಮಾವ ಹಸಿರು ಸೀರೆ ಹಿಡಿದು, ಆಟೋ ತುಂಬ ಬೀಗರನ್ನು ಕರೆದುಕೊಂಡು ಎದೆ ಬಡಿದುಕೊಳ್ಳುತ್ತ ಬಂದಿದ್ದ. ಬಂದು ನೋಡಿದರೆ ಅಕ್ಕ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ.

"ತಲಿಗೆ ಕಾಗಿ ಮುಟ್ಟಿದ್ರ ಹಿಂಗೇ ಸತ್ರು ಅಂತ ಸುಳ್ಳ ಖಬರ್ ಕಳಸ್ತಾರಲ್ಲ, ಹಂಗಾತು ಬಿಡ್ರಿ. ಬಳಗದವ್ರು ಅತ್ರ ಕಂಟಕ ಕಳೀತದ. ಅಕ್ಕನ ಆಯುಷ್ಯ ಹೆಚ್ಚಾತು" ಅಂತ ಮಾವ ಕಣ್ಣೊರೆಸಿಕೊಂಡು ನಕ್ಕ. ಎಲ್ಲರೂ ನಕ್ಕರು. ಆ ನಗು ಯಾಕೋ ನನಗೆ ಸೇರಲಿಲ್ಲ. ಅವರು ಚಿಗವ್ವನ ಕಡೆಗೆ ನೋಡುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಚಿಗವ್ವ ಕೇಳಿದಳು, "ಹಾರ ನೀ ಹಾಕಿದ್ದೇನು?"

"ನಾ ಅಲ್ಲ ಚಿಗವ್ವ. ನೋಡಿದ ಮಂದಿ ಒಂದೊಂದು ಹೂ ಹಾಕಿದ್ರ ಅದೇ ಹಾರ ಆಗ್ತದ."

"ನನ್ನ ಗುರ್ತೇ ಇಲ್ಲದವ್ರು ನನಗ ಹೂ ಏರಸ್ಯಾರ?"

ಈಗಲೇ ತೆಗೆಯುತ್ತೇನೆ ಅಂತ ಫೋನು ತೆರೆದೆ. ನನ್ನ ಫೋನು ಕನ್ನಡದಲ್ಲಿದೆ. ಫೋಟೋ ಹಿಡಿದು ಒತ್ತಿದರೆ ಕೆಳಗೆ ಕೆಂಪು ಅಕ್ಷರದಲ್ಲಿ 'ಅಳಿಸು' ಅಂತ ಬರುತ್ತದೆ. ಚಿಗವ್ವ ಮೂರನೆಯ ತರಗತಿವರೆಗೆ ಕನ್ನಡ ಶಾಲೆ ಕಲಿತವಳು. ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಕೂಡಿಸಿದಳು.

"ಅ... ಳಿ... ಸು. ಯಾರನ್ನ ಅಳಸ್ತದವ್ವ ಇದು?"

"ಅಳಸೂದಲ್ಲ ಚಿಗವ್ವ, ಒರಸಿ ಹಾಕೂದು."

"ಬ್ಯಾಡ, ಒತ್ತಬ್ಯಾಡ. ಅಳೂದೆಲ್ಲ ಇವತ್ತೇ ಆಗ್ಯದ. ಮತ್ಯಾಕ ಅಳಸ್ತಿ?"

ನಾನು ಒತ್ತಲಿಲ್ಲ. ಅವಳೇ ಬೇಡ ಅಂದಳಲ್ಲ ಅಂತ ಅಂದುಕೊಂಡೆ. ಒಳಗೆ ನನಗೆ ಹಾಯೆನಿಸಿತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ನಾಚಿಕೆಗೇಡು ನನ್ನ ಬಾಳು.

ಆ ಹಸಿರು ಸೀರೆಯನ್ನು ಮಾವ ವಾಪಸು ಒಯ್ಯುವ ಹಾಗಿರಲಿಲ್ಲ, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮರುದಿನ ಚಿಗವ್ವ ಅದನ್ನೇ ಉಟ್ಟು ಕುರಿ ಹೊಡೆದುಕೊಂಡು ಹೋದಳು. ಎದುರಾದ ಹೆಂಗಸು ಕೊಡ ಬಿಟ್ಟು ಮನೆಯೊಳಗೆ ಓಡಿದಳಂತೆ. "ತವರಿನ ಸೀರಿ, ಉಡಬಾರದೇನು? ಹರೀಲಿ ಬಿಡು, ಉಟ್ಟೇ ಹರೀತೀನಿ" ಅಂತ ಹಟ. ಹಾಗೆಯೇ ಉಟ್ಟುಟ್ಟು ಕುರಿಹಟ್ಟಿಯ ಮುಳ್ಳಿಗೆ ಹರಿದು ಚಿಂದಿ ಮಾಡಿದಳು.

ಆಮೇಲಿನ ತಿಂಗಳುಗಳಲ್ಲಿ ನನ್ನ ಬೆನ್ನು ಹತ್ತಿದವರು ಏರುತ್ತಲೇ ಹೋದರು. ದೂರದ ಊರುಗಳ ಮಂದಿ ನನ್ನನ್ನು ದೊಡ್ಡ ಫೋಟೋಗ್ರಾಫರ್ ಅನ್ನತೊಡಗಿದರು. ಚಿಗವ್ವನ ಹಾರ ದಿನದಿನಕ್ಕೆ ದಪ್ಪವಾಗಿ ಕಿವಿ ಮುಚ್ಚಿತು, ಮರಿ ಮುಚ್ಚಿತು. ಊರಲ್ಲಿ ಅವಳನ್ನು ಯಾರೂ ಏನೂ ಅನ್ನಲಿಲ್ಲ, ಮಾತು ಮಾತ್ರ ಕಡಿಮೆಯಾಯಿತು. ಅವಳು ಅಂಗಡಿಗೆ ಹೋದರೆ ಅಂಗಡಿಯವನು ಸಕ್ಕರೆ ಪೊಟ್ಟಣವನ್ನು ಕೈಗೆ ಕೊಡದೆ ಹಲಗೆಯ ಮೇಲಿಡುತ್ತಿದ್ದ. ಹಿಂದಿನಿಂದ ನಡೆಯುವ ಹೆಂಗಸರು ಅವಳ ನೆರಳು ಬೀಳುತ್ತದೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಒಮ್ಮೆ ಅವಳೇ ಕೇಳಿದಳು: "ನಾ ಕರದ್ರ ಯಾರೂ ಓ ಅನ್ನವಲ್ರು. ನನ್ನ ದನಿ ಕೇಳಸ್ತದಲ್ಲ ನಿನಗ?"

"ಊರಿಗೆಲ್ಲ ಕೇಳಸ್ತದ ಚಿಗವ್ವ" ಅಂತ ನಕ್ಕೆ. ಅವಳು ನಗಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಮೂರು ದಿನ ಜ್ವರ ಬಂತು. ನಾನು ಜೊತೆಗೇ ಇದ್ದೆ. ನಾಲ್ಕನೆಯ ಬೆಳಿಗ್ಗೆ ಚಹಾ ಕೇಳಿದಳು. ಮಾಡಿಕೊಂಡು ಬರುವಷ್ಟರಲ್ಲಿ ಹೋಗಿದ್ದಳು.

ಮಾವನಿಗೆ ಫೋನು ಮಾಡಿದೆ. "ಮಾವ, ಚಿಗವ್ವ ಹೋದಳು. ಮಣ್ಣಿಗೆ ಬರ್ರಿ."

ಆ ಕಡೆ ನಗು ಕೇಳಿತು. "ಮತ್ತ ಹಾರ ಬಿತ್ತೇನು? ಎಷ್ಟು ಸಲ ಅಳಸ್ತಿ ನಮಗ?"

"ಖರೇನೇ ಹೋಗ್ಯಾಳ ಮಾವ. ಆಣಿ ಮಾಡಿ ಹೇಳ್ತೀನಿ."

"ಹಂಗಾದ್ರ ಫೋಟೋ ಕಳಸು, ನೋಡೂಣು."

ತವರಿನವರು ಬರದೆ ಅವಳನ್ನು ಎತ್ತುವ ಹಾಗಿಲ್ಲ. ಫೋನು ಅವಳ ಮುಖಕ್ಕೆ ಹಿಡಿದೆ. ಬಾಗಿಲಿನ ಬೆಳಕು ಕೆನ್ನೆಗೆ ಬೀಳಲಿ ಅಂತ ನಾನಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ. ಸರಿದದ್ದು ಆಮೇಲೆ ಗೊತ್ತಾಯಿತು. ಆದರೂ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಮಾವನ ವಾಯ್ಸ್ ಮೆಸೇಜು ಬಂತು. ಎಲ್ಲಿ ಒತ್ತಿದೆನೋ, ಅವಳ ತಲೆಯ ಸುತ್ತ ಕೂತಿದ್ದ ನಾಲ್ಕು ಹೆಂಗಸರಿಗೂ ಕೇಳುವಷ್ಟು ಜೋರಾಗಿ ಹೇಳಿತು:

"ಹ್ವಾದ ಸಲ ಹಾರ ಹಾಕಿದ್ದೇ ಸುಳ್ಳಾತು. ಇದಕ್ಕ ಹಾರನೂ ಇಲ್ಲ. ಮಲಕೊಂಡಾಳ ನೋಡು, ಎಬ್ಬಸು ಆಕಿನ್ನ."

ಹೆಂಗಸರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ನಾನು ಬಗ್ಗಿ ಅವಳ ಭುಜ ಹಿಡಿದು ಅಲುಗಿಸಿದೆ.

"ಚಿಗವ್ವ, ಏಳು. ಚಾ ಆಗ್ಯದ."